ಸ್ಕಿಡ್ ಸ್ಟಿಯರ್ ಲೋಡರ್: ವಿದ್ಯುತ್ ದೋಷಗಳ ಪತ್ತೆ

ಸ್ಕಿಡ್ ಸ್ಟಿಯರ್ ಲೋಡರ್ ಇಕ್ಕಟ್ಟಾದ ಜಾಗದಲ್ಲಿ ಮಣ್ಣು, ಜಲ್ಲಿ, ಗೊಬ್ಬರ, ಕಟ್ಟಡದ ಅವಶೇಷ ಮುಂತಾದವನ್ನು ಎತ್ತಿ ಸಾಗಿಸುವ ಚಿಕ್ಕ ಯಂತ್ರ. ಇದರ ಚಕ್ರಗಳು ಕಾರಿನ ಮುಂಚಕ್ರಗಳಂತೆ ಹೊರಳುವುದಿಲ್ಲ. ಎಡಬದಿಯ ಜೋಡಿಗೂ ಬಲಬದಿಯ ಜೋಡಿಗೂ ಬೇರೆ ಬೇರೆ ಚಾಲನೆ ಇರುತ್ತದೆ. ಒಂದು ಬದಿ ಮುಂದಕ್ಕೂ ಇನ್ನೊಂದು ಬದಿ ಹಿಂದಕ್ಕೂ ಉರುಳಿದಾಗ ಯಂತ್ರ ನೆಲವನ್ನು ಉಜ್ಜುತ್ತ ನಿಂತಲ್ಲೇ ತಿರುಗುತ್ತದೆ. ಅಮೆರಿಕದ ಮಿನ್ನೆಸೋಟ ರಾಜ್ಯದ ರಾಥ್ಸೆ ಎಂಬ ಊರಿನ ಸಿರಿಲ್ ಕೆಲ್ಲರ್, ಲೂಯಿ ಕೆಲ್ಲರ್ ಸಹೋದರರು ಟರ್ಕಿ ಕೋಳಿಗಳ ಕೊಟ್ಟಿಗೆ ಬಳಿಯುವ ಕೆಲಸಕ್ಕೆಂದು 1957ರಲ್ಲಿ ಒದಗಿಸಿದ ಮೂರು ಚಕ್ರದ ಲೋಡರ್ ಇದರ ಮೂಲರೂಪ. ನಾರ್ತ್ ಡಕೋಟದ ಗ್ವಿನ್ನರ್ ಊರಿನ ಮೆಲ್ರೋ ಕಂಪನಿ ಅದರ ಹಕ್ಕು ಪಡೆದು 1960ರಲ್ಲಿ ನಾಲ್ಕು ಚಕ್ರದ ಎಂ-400 ಮಾದರಿಯನ್ನು ಹೊರತಂದಿತು. 1962ರಲ್ಲಿ ಬಾಬ್‌ಕ್ಯಾಟ್ ಎಂಬ ಹೆಸರು ಬಂತು. ನಮ್ಮಲ್ಲಿ ಈ ಜಾತಿಯ ಯಂತ್ರಗಳನ್ನು, ತಯಾರಕರು ಯಾರೇ ಇರಲಿ, ಆ ಹೆಸರಿನಿಂದಲೇ ಕರೆಯುವ ರೂಢಿಯುಂಟು. ಮೊದಲ ಯಂತ್ರಗಳಲ್ಲಿ ಚಲನೆಯೆಲ್ಲ ಲಿವರ್, ಕ್ಲಚ್‌ಗಳ ಹತೋಟಿಯಲ್ಲಿತ್ತು. ಇಂದಿನ ಯಂತ್ರಗಳಲ್ಲಿ ಡೀಸೆಲ್ ಹರಿಯುವುದಕ್ಕೂ ತೋಳು ಏಳುವುದಕ್ಕೂ ಚಕ್ರ ಉರುಳುವುದಕ್ಕೂ ವಿದ್ಯುತ್ತಿನ ಅನುಮತಿ ಬೇಕು. ಹೀಗಾಗಿ ಒಂದು ತಂತಿಯ ದೋಷ ಇಡೀ ಯಂತ್ರವನ್ನು ನಿಲ್ಲಿಸಬಲ್ಲದು. ಇಂಥ ದೋಷವನ್ನು ಹುಡುಕುವಾಗ ಬಿಡಿಭಾಗ ಕೆಟ್ಟಿದೆ ಎಂದು ತೀರ್ಮಾನಿಸುವ ಮೊದಲು, ಆ ಭಾಗಕ್ಕೆ ವಿದ್ಯುತ್ತು ಬಂದು ಹೋಗುವ ಹಾದಿಯನ್ನು, ಯಂತ್ರ ಕೆಲಸ ಮಾಡುತ್ತಿರುವ ಸ್ಥಿತಿಯಲ್ಲೇ, ಅಳೆದು ನೋಡಬೇಕು ಎಂಬುದು ಈ ಲೇಖನದ ಪ್ರತಿಪಾದನೆ.

ವಿದ್ಯುತ್ ಜಾಲದ ಸ್ವರೂಪ

ಸಾಮಾನ್ಯವಾಗಿ ಈ ಯಂತ್ರಗಳದು 12 ವೋಲ್ಟ್ ವ್ಯವಸ್ಥೆ. ಬ್ಯಾಟರಿ, ಮೆಕ್ಯಾನಿಕ್‌ಗಳು ಸೆಲ್ಫ್ ಎನ್ನುವ ಸ್ಟಾರ್ಟರ್ ಮೋಟರ್, ಡೈನಮೋ ಎಂದೇ ಕರೆಸಿಕೊಳ್ಳುವ ಆಲ್ಟರ್ನೇಟರ್, ಫ್ಯೂಸ್ ಮತ್ತು ರಿಲೇಗಳ ಪೆಟ್ಟಿಗೆ, ಇಂಧನ ತಡೆಯುವ ಸೊಲಿನಾಯ್ಡ್ (ವಿದ್ಯುತ್ತು ಹರಿದಾಗ ಗೂಟವನ್ನು ಎಳೆಯುವ ಸುರುಳಿ), ಹೈಡ್ರಾಲಿಕ್ ವಾಲ್ವ್‌ಗಳ ಸೊಲಿನಾಯ್ಡ್‌ಗಳು, ಸೆನ್ಸರ್‌ಗಳು, ಇವನ್ನೆಲ್ಲ ಆಳುವ ಒಂದೆರಡು ಕಂಟ್ರೋಲರ್‌ಗಳು: ಇವಿಷ್ಟು ಮುಖ್ಯ ಅಂಗಗಳು. ಪಟ್ಟಿ ಕಾರಿನದಕ್ಕಿಂತ ಬಹಳ ಬೇರೆಯಲ್ಲ. ಅವು ಬದುಕಬೇಕಾದ ಪರಿಸರ ಮಾತ್ರ ತೀರ ಬೇರೆ. ಜಾರಿ ತಿರುಗುವ ಯಂತ್ರ ಪ್ರತಿ ತಿರುವಿನಲ್ಲೂ ನಡುಗುತ್ತದೆ. ಆ ನಡುಕ ವೈರಿಂಗ್ ಕಟ್ಟನ್ನು ಲೋಹದ ಅಂಚುಗಳಿಗೆ ಉಜ್ಜುತ್ತದೆ, ಸಾಕೆಟ್‌ಗಳ ಪಿನ್ನುಗಳನ್ನು ಸಡಿಲಿಸುತ್ತದೆ. ದುರಸ್ತಿಗಾಗಿ ಕ್ಯಾಬಿನ್ನನ್ನು ಎತ್ತಿ ವಾಲಿಸುವ ಮಾದರಿಗಳಲ್ಲಿ ಅದರ ಕೀಲಿನ ಬಳಿ ತಂತಿಗಳು ಮತ್ತೆ ಮತ್ತೆ ಬಾಗುತ್ತವೆ. ಮುಂದಿನ ಸಲಕರಣೆಗೆ ಹೋಗುವ ತಂತಿಗಳು ತೋಳು ಏಳುವಾಗಲೂ ಇಳಿಯುವಾಗಲೂ ಮಡಚಿಕೊಳ್ಳುತ್ತವೆ. ಎಂಜಿನ್ನಿನ ಶಾಖ, ದೂಳು, ಗೊಬ್ಬರದ ತೇವ, ಒತ್ತಡದ ನೀರಿನಿಂದ ತೊಳೆಯುವ ಅಭ್ಯಾಸ, ಇಲಿಗಳ ಹಲ್ಲು, ಕರಾವಳಿಯಾದರೆ ಉಪ್ಪುಗಾಳಿ, ಎಲ್ಲವೂ ಮೊದಲು ಎರಗುವುದು ಜೋಡಣೆಗಳ ಮೇಲೆ. ಬಿಡಿಭಾಗಗಳು ಮುಚ್ಚಿದ ಕವಚದೊಳಗಿರುತ್ತವೆ. ಅವುಗಳ ನಡುವಿನ ತಂತಿ, ಟರ್ಮಿನಲ್, ಅರ್ತ್ ಬೋಲ್ಟುಗಳು ಬಯಲಿಗೆ ಬಿದ್ದಿರುತ್ತವೆ. ಶೋಧ ಹಾದಿಯಿಂದ ಆರಂಭವಾಗಬೇಕು ಎನ್ನುವುದಕ್ಕೆ ಇದು ಮೊದಲ ಕಾರಣ.

ರಕ್ಷಣೆಯೋ, ದೋಷವೋ

ಈ ಯಂತ್ರದ ಚಾಲಕ ಕೂರುವುದು ಎರಡು ಎತ್ತುವ ತೋಳುಗಳ ನಡುವೆ. ಬಹುತೇಕ ಮಾದರಿಗಳಲ್ಲಿ ಅವನು ಹತ್ತಿ ಇಳಿಯುವುದು ಮುಂದಿನಿಂದ, ಬಕೆಟ್ಟಿನ ಮೇಲಿನಿಂದ. ಇಳಿಯುವಾಗ ಲಿವರ್ ತಗಲಿ ತೋಳು ಕೆಳಗೆ ಬಂದರೆ ತೋಳಿಗೂ ಚೌಕಟ್ಟಿಗೂ ನಡುವೆ ದೇಹ ಸಿಕ್ಕಿಕೊಳ್ಳುತ್ತದೆ. ಇಂಥ ಸಾವುಗಳನ್ನು ಪರಿಶೀಲಿಸಿದ ಅಮೆರಿಕದ ಔದ್ಯೋಗಿಕ ಸುರಕ್ಷತೆಯ ರಾಷ್ಟ್ರೀಯ ಸಂಸ್ಥೆ ನಿಯೋಷ್ 1998ರಲ್ಲಿ ಸ್ಕಿಡ್ ಸ್ಟಿಯರ್ ಲೋಡರ್‌ಗಳ ಬಗ್ಗೆಯೇ ಪ್ರತ್ಯೇಕ ಎಚ್ಚರಿಕೆಯ ಪುಸ್ತಿಕೆ ಹೊರಡಿಸಿತು. ಇಂಥ ಅಪಘಾತವನ್ನು ತಡೆಯಲು ಇರುವುದೇ ಇಂಟರ್‌ಲಾಕ್ ವ್ಯವಸ್ಥೆ. ಸೀಟಿನಲ್ಲಿ ಭಾರವಿದೆ, ಸೀಟ್ ಬಾರ್ ಇಳಿದಿದೆ ಅಥವಾ ಬೆಲ್ಟ್ ಕಟ್ಟಿದೆ ಎಂದು ಸ್ವಿಚ್ಚುಗಳು ಹೇಳಿದರೆ ಮಾತ್ರ ತೋಳು ಮತ್ತು ಬಕೆಟ್‌ಗಳ ವಾಲ್ವ್‌ಗೆ ವಿದ್ಯುತ್ತು ಹೋಗುತ್ತದೆ, ಚಕ್ರದ ತಡೆ ಬಿಡುತ್ತದೆ. ಈ ಏರ್ಪಾಡಿನ ತಿರುಳು ಎಂದರೆ ವಿದ್ಯುತ್ತು ಇಲ್ಲದಾಗ ಬೀಗ ಬಿದ್ದಿರುತ್ತದೆ, ಇದ್ದಾಗ ಮಾತ್ರ ತೆರೆಯುತ್ತದೆ. ತಂತಿ ಹರಿದರೆ ಯಂತ್ರ ಅಪಾಯದ ಕಡೆಗೆ ಹೋಗದೆ ನಿಲುಗಡೆಯ ಕಡೆಗೆ ಬರಲಿ ಎಂದೇ ಹೀಗೆ ಮಾಡಿದ್ದಾರೆ. ಆದರೆ ಇದರಿಂದಲೇ ದುರಸ್ತಿಗಾರನಿಗೆ ಒಂದು ತೊಡಕು ಹುಟ್ಟುತ್ತದೆ: ಚಾಲಕ ಬೆಲ್ಟ್ ಕಟ್ಟದಿದ್ದರೂ, ಸೀಟಿನ ಸ್ವಿಚ್ ಸವೆದಿದ್ದರೂ, ವಾಲ್ವಿನ ತಂತಿ ತುಂಡಾಗಿದ್ದರೂ, ಬ್ಯಾಟರಿ ವೋಲ್ಟೇಜು ಕುಸಿದಿದ್ದರೂ ಹೊರಗೆ ಕಾಣುವ ಲಕ್ಷಣ ಒಂದೇ, ಎಂಜಿನ್ ಓಡುತ್ತದೆ, ತೋಳು ಏಳುವುದಿಲ್ಲ. ಲಕ್ಷಣ ಒಂದೇ ಆದಾಗ ಊಹೆಗೆ ಬೆಲೆಯಿಲ್ಲ. ಡ್ಯಾಶ್‌ಬೋರ್ಡಿನಲ್ಲಿ ಸೀಟ್, ಬಾರ್, ವಾಲ್ವ್, ಚಾಲನೆಗಳಿಗೆ ಬೇರೆ ಬೇರೆ ದೀಪ ಅಥವಾ ಸಂಕೇತಗಳಿದ್ದರೆ ಮೊದಲು ನೋಡಬೇಕಾದುದು ಅವನ್ನು. ಚಾಲಕನನ್ನು ಸರಿಯಾಗಿ ಕೂರಿಸಿ, ಒಂದೊಂದೇ ಷರತ್ತು ಪೂರೈಸಿ, ಯಾವ ಹಂತದಲ್ಲಿ ಅನುಮತಿ ತಪ್ಪುತ್ತಿದೆ ಎಂದು ಗುರುತಿಸಿದರೆ, ಸ್ಪ್ಯಾನರ್ ಕೈಗೆತ್ತಿಕೊಳ್ಳುವ ಮೊದಲೇ ಶೋಧದ ವಿಸ್ತಾರ ಬಹಳ ಕಿರಿದಾಗುತ್ತದೆ.

ಅಳತೆಯ ತರ್ಕ

ಮೀಟರ್ ಹಿಡಿದವರೂ ತಪ್ಪು ತೀರ್ಮಾನಕ್ಕೆ ಬರುವುದುಂಟು. ಅಳೆಯುವ ಸ್ಥಿತಿಯೇ ತಪ್ಪಾಗಿರುವುದು ಅದಕ್ಕೆ ಕಾರಣ. ಒಂದು ಸೊಲಿನಾಯ್ಡಿನ ಸುರುಳಿಯ ರೋಧ 10 ಓಮ್, ಅದಕ್ಕೆ ಹೋಗುವ ತಂತಿಯ ಸಾಕೆಟ್ಟಿನಲ್ಲಿ ತುಕ್ಕು ಹಿಡಿದು 1,000 ಓಮ್ ರೋಧ ಸೇರಿಕೊಂಡಿದೆ ಎಂದಿಟ್ಟುಕೊಳ್ಳೋಣ. ಸೊಲಿನಾಯ್ಡನ್ನು ಕಳಚಿ ತಂತಿಯ ತುದಿಗೆ ಡಿಜಿಟಲ್ ಮೀಟರ್ ಹಿಡಿದರೆ ಅದು ಹೆಚ್ಚುಕಡಿಮೆ ಪೂರ್ಣ 12 ವೋಲ್ಟ್ ತೋರಿಸುತ್ತದೆ. ಏಕೆಂದರೆ ಮೀಟರಿನ ಒಳರೋಧ ಸಾಮಾನ್ಯವಾಗಿ 1 ಕೋಟಿ ಓಮ್. ಅದರ ಮುಂದೆ 1,000 ಓಮ್ ಲೆಕ್ಕಕ್ಕೇ ಬರುವುದಿಲ್ಲ. ಅದೇ ತುದಿಗೆ ಸೊಲಿನಾಯ್ಡನ್ನು ಜೋಡಿಸಿದೊಡನೆ 12 ವೋಲ್ಟಿನಲ್ಲಿ ಸುರುಳಿಗೆ ದಕ್ಕುವುದು 0.12 ವೋಲ್ಟ್ ಮಾತ್ರ. ಕರೆಂಟ್ ಬರುತ್ತಿದೆ, ಸೊಲಿನಾಯ್ಡ್ ಹೋಗಿದೆ ಎಂಬ ತೀರ್ಪು ಇಲ್ಲಿ ಮೀಟರಿನ ಸಾಕ್ಷ್ಯದ ಮೇಲೆಯೇ ಹೊರಬೀಳುತ್ತದೆ, ಮತ್ತು ಪೂರ್ತಿ ತಪ್ಪಾಗಿರುತ್ತದೆ. ಸ್ಟಾರ್ಟರಿನ ದಪ್ಪ ತಂತಿಯಲ್ಲಿ ತಪ್ಪು ಇನ್ನೊಂದು ದಿಕ್ಕಿನಲ್ಲಿ ಆಗುತ್ತದೆ. ಅಲ್ಲಿ 300 ಆಂಪಿಯರ್ ಹರಿಯುವಾಗ ಜೋಡಣೆಯೊಂದರಲ್ಲಿ 0.005 ಓಮ್ ರೋಧವಿದ್ದರೂ 1.5 ವೋಲ್ಟ್ ಅಲ್ಲೇ ಸೋರಿಹೋಗುತ್ತದೆ. ಸಾಮಾನ್ಯ ಮಲ್ಟಿಮೀಟರ್ ಓದಬಲ್ಲ ಕನಿಷ್ಠ ರೋಧ 0.1 ಓಮಿನ ಆಸುಪಾಸಿನದು. ಈ ದೋಷ ಅದರ ಕಣ್ಣಿಗೆ ಬೀಳುವುದೇ ಇಲ್ಲ. ಕಂಟಿನ್ಯುಟಿ ನೋಡಿದರೆ ಮೀಟರ್ ಧಾರಾಳವಾಗಿ ಬೀಪ್ ಎನ್ನುತ್ತದೆ. ಹೊರೆಯಿಲ್ಲದೆ ಅಳೆದ ವೋಲ್ಟೇಜು ಒಂದು ಕಡೆ, ಪ್ರವಾಹವಿಲ್ಲದೆ ಅಳೆದ ರೋಧ ಇನ್ನೊಂದು ಕಡೆ, ಎರಡೂ ಕೆಟ್ಟ ಹಾದಿಯನ್ನು ಒಳ್ಳೆಯದೆಂದು ಹೇಳುತ್ತವೆ.

ಇದಕ್ಕೆ ಪರಿಹಾರ ವೋಲ್ಟೇಜ್ ನಷ್ಟದ ಪರೀಕ್ಷೆ. ವಿದ್ಯುತ್ ಮಂಡಲವನ್ನು ಕಳಚದೆ, ಭಾಗ ಕೆಲಸ ಮಾಡಬೇಕಾದ ಕ್ಷಣದಲ್ಲೇ, ಹಾದಿಯ ಎರಡು ತುದಿಗಳ ನಡುವೆ ಮೀಟರ್ ಹಿಡಿಯಬೇಕು. ಸೆಲ್ಫ್ ನಿಧಾನವಾಗಿ ತಿರುಗುವ ಯಂತ್ರದಲ್ಲಿ ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಧನ ಕಂಬದ ಮೇಲೆ, ಇನ್ನೊಂದು ಸ್ಟಾರ್ಟರಿನ ದಪ್ಪ ಬೋಲ್ಟಿನ ಮೇಲೆ. ಕೀಲಿ ತಿರುಗಿಸಿದಾಗ ಮೀಟರ್ ತೋರಿಸುವ ಸಂಖ್ಯೆಯೇ ದಾರಿಯಲ್ಲಿ ಕಳೆದುಹೋದ ವೋಲ್ಟೇಜು. ಅದು 0.5 ವೋಲ್ಟಿನ ಒಳಗಿದ್ದರೆ ಹಾದಿ ಚೆನ್ನಾಗಿದೆ ಎಂಬುದು ರೂಢಿಯ ಮಾನದಂಡ. ಋಣ ಕಂಬದಿಂದ ಸ್ಟಾರ್ಟರಿನ ಮೈಗೆ ಅಳೆದಾಗ 0.2ರಿಂದ 0.3 ವೋಲ್ಟನ್ನು ಮೀರಬಾರದು. ಕಡ್ಡಿ ಕ್ಲಾಂಪಿನ ಮೇಲಲ್ಲ, ಕಂಬದ ಮೇಲೆಯೇ ಕೂರಬೇಕು. ಬಿಳಿ ಪುಡಿ ಕಟ್ಟಿದ ಕಂಬಕ್ಕೂ ಕ್ಲಾಂಪಿಗೂ ನಡುವಿನ ತೆಳು ಪದರವೇ ಎಷ್ಟೋ ಸಲ ಅಪರಾಧಿ. ನಷ್ಟ ಹೆಚ್ಚಿದ್ದರೆ ಕಡ್ಡಿಯನ್ನು ಒಂದೊಂದೇ ಜೋಡಣೆ ದಾಟಿಸುತ್ತ ಹೋದಾಗ ಸಂಖ್ಯೆ ಎಲ್ಲಿ ಜಿಗಿಯುತ್ತದೋ ಅಲ್ಲೇ ದೋಷ. ಎರಡೂ ಹಾದಿ ಸರಿಯಿದ್ದು, ಚೆನ್ನಾಗಿ ಚಾರ್ಜ್ ಆದ ಬ್ಯಾಟರಿ ಎಂಜಿನ್ ತಿರುಗಿಸುವಾಗ 9.6 ವೋಲ್ಟಿಗಿಂತ ಮೇಲಿದ್ದೂ ಸೆಲ್ಫ್ ಸೋತರೆ ಮಾತ್ರ ಸೆಲ್ಫನ್ನು ಬಿಚ್ಚಲು ನ್ಯಾಯವಿದೆ. ವೋಲ್ಟೇಜು ಅದಕ್ಕೂ ಕೆಳಗೆ ಇಳಿದರೆ ಮೊದಲು ಬ್ಯಾಟರಿಯ ಪರೀಕ್ಷೆ. ವಿಶ್ರಾಂತಿಯಲ್ಲಿ 12.6 ವೋಲ್ಟ್ ತೋರಿಸುವ ಬ್ಯಾಟರಿ ಪೂರ್ಣ ಚಾರ್ಜ್ ಆಗಿದೆ ಎನ್ನಬಹುದು. ಹೊರೆ ಹೊರಬಲ್ಲದು ಎಂಬುದಕ್ಕೆ ಆ ಸಂಖ್ಯೆಯೊಂದೇ ಸಾಕ್ಷಿಯಲ್ಲ.

ಚಾರ್ಜಿಂಗ್ ವಿಷಯದಲ್ಲೂ ತರ್ಕ ಇದೇ. ಎಂಜಿನ್ ಓಡುವಾಗ ಬ್ಯಾಟರಿಯ ಕಂಬಗಳಲ್ಲಿ ಸುಮಾರು 13.8ರಿಂದ 14.5 ವೋಲ್ಟ್ ಇರಬೇಕು. ಇಲ್ಲದಿದ್ದರೆ ಆಲ್ಟರ್ನೇಟರಿನ ಹಿಂಬದಿಯ ಬೋಲ್ಟಿನಲ್ಲೂ ಅಳೆಯಬೇಕು. ಅಲ್ಲಿ 14.5, ಬ್ಯಾಟರಿಯಲ್ಲಿ 12.8 ಎಂದಾದರೆ ಆಲ್ಟರ್ನೇಟರ್ ತನ್ನ ಕೆಲಸ ಮಾಡುತ್ತಿದೆ, ನಡುವಿನ ತಂತಿ ಮಾಡುತ್ತಿಲ್ಲ. ಓಡುವ ಎಂಜಿನ್ನಿನಲ್ಲಿ ಬ್ಯಾಟರಿ ಟರ್ಮಿನಲ್ ಕಿತ್ತು, ಎಂಜಿನ್ ನಿಲ್ಲದಿದ್ದರೆ ಡೈನಮೋ ಸರಿಯಿದೆ ಎನ್ನುವ ಹಳೆಯ ಪದ್ಧತಿ ಇನ್ನೂ ಚಾಲ್ತಿಯಲ್ಲಿದೆ. ಕಂಟ್ರೋಲರ್ ಇಲ್ಲದ ಕಾಲದಲ್ಲಿ ಅದು ಹೇಗೋ ನಡೆಯಿತು. ಈಗ ಬ್ಯಾಟರಿಯ ಆಸರೆ ಕಳಚಿದ ಕ್ಷಣ ಆಲ್ಟರ್ನೇಟರಿನಿಂದ ಏಳುವ ವೋಲ್ಟೇಜಿನ ಅಲೆ ಹಲವು ಹತ್ತು ವೋಲ್ಟಿಗೆ ಏರಿ ಕಂಟ್ರೋಲರುಗಳನ್ನೇ ಸುಡಬಲ್ಲದು; ಪರೀಕ್ಷೆಯೇ ಹೊಸ ದೋಷ ತಂದಿಡುತ್ತದೆ.

ಮತ್ತೆ ಮತ್ತೆ ಸುಡುವ ಭಾಗ, ಬಂದು ಹೋಗುವ ದೋಷ

ಹೊಸದಾಗಿ ಹಾಕಿದ ಭಾಗವೂ ಬೇಗ ಸುಟ್ಟುಹೋದರೆ ಕಾರಣ ಆ ಭಾಗದ ಹೊರಗಿದೆ ಎಂದು ಅನುಮಾನಿಸಬೇಕು. ಇಂಧನ ಸೊಲಿನಾಯ್ಡ್ ಇದಕ್ಕೆ ಒಳ್ಳೆಯ ನಿದರ್ಶನ. ಹಲವು ಡೀಸೆಲ್ ಎಂಜಿನ್ನುಗಳಲ್ಲಿ ಇದಕ್ಕೆ ಎರಡು ಸುರುಳಿಗಳಿರುತ್ತವೆ: ಗೂಟವನ್ನು ಎಳೆಯಲು ಹತ್ತಾರು ಆಂಪಿಯರ್ ನುಂಗುವ ಒಂದು, ಎಳೆದದ್ದನ್ನು ಹಿಡಿದಿಡಲು ಸುಮಾರು ಒಂದು ಆಂಪಿಯರ್ ಸಾಕೆನ್ನುವ ಇನ್ನೊಂದು. ಎಳೆಯುವ ಸುರುಳಿ ಕ್ಷಣಮಾತ್ರ ಕೆಲಸ ಮಾಡಲೆಂದು ಮಾಡಿದ್ದು. ಗೂಟ ಪೂರ್ತಿ ಒಳಬಂದಾಗ ಒಳಗಿನ ಸ್ವಿಚ್ ಅದನ್ನು ಕಡಿಯುವ ವಿನ್ಯಾಸದಲ್ಲಿ, ಲಿಂಕೇಜ್ ಬಿಗಿಯಾಗಿಯೋ ಅಳತೆ ತಪ್ಪಿಯೋ ಗೂಟ ಕೊನೆಮುಟ್ಟದಿದ್ದರೆ ಪ್ರವಾಹ ಹರಿಯುತ್ತಲೇ ಇದ್ದು ಸುರುಳಿ ಸುಡುತ್ತದೆ. ತಂತಿಯಲ್ಲಿ ವೋಲ್ಟೇಜು ಸೋರಿ ಎಳೆತ ಸಾಲದಾದರೂ ಫಲ ಅದೇ. ಸುಟ್ಟದ್ದನ್ನು ತೆಗೆದು ಹೊಸದು ಹಾಕಿದರೆ ಕಾರಣ ಹಾಗೇ ಉಳಿದಿರುತ್ತದೆ. ಎರಡನೆಯದೂ ಅದೇ ದಾರಿ ಹಿಡಿಯುತ್ತದೆ. ಫ್ಯೂಸಿಗೂ ಈ ಮಾತು ಸಲ್ಲುತ್ತದೆ. ಸುಟ್ಟ ಫ್ಯೂಸಿನ ಜಾಗಕ್ಕೆ ದೊಡ್ಡ ಫ್ಯೂಸ್ ಹಾಕಿದರೆ ಸುಡುವ ಸರದಿ ತಂತಿಯದಾಗುತ್ತದೆ. ಒಣ ಹೊಟ್ಟು, ಎಣ್ಣೆಯ ಜಿಡ್ಡು ಶೇಖರವಾಗುವ ಎಂಜಿನ್ ಕೋಣೆಯಲ್ಲಿ ಅದು ಬೆಂಕಿಗೆ ಆಹ್ವಾನ. ಅದರ ಬದಲು ಫ್ಯೂಸಿನ ಜಾಗದಲ್ಲಿ 21 ವಾಟಿನ ಬಲ್ಬ್ ಜೋಡಿಸಿದರೆ ಡೆಡ್ ಶಾರ್ಟ್ (ತಂತಿ ನೇರವಾಗಿ ಅರ್ತ್‌ಗೆ ತಾಗಿದ ಸ್ಥಿತಿ) ಇರುವವರೆಗೆ ಅದು ಪೂರ್ಣ ಕಾಂತಿಯಲ್ಲಿ ಉರಿಯುತ್ತದೆ, ಎರಡು ಆಂಪಿಯರಿಗಿಂತ ಕಡಿಮೆ ಪ್ರವಾಹವನ್ನಷ್ಟೇ ಬಿಡುತ್ತದೆ. ಒಂದೊಂದು ಕವಲನ್ನು ಕಳಚುತ್ತ ಹೋದಾಗ ಯಾವುದನ್ನು ತೆಗೆದರೆ ಬಲ್ಬ್ ಆರುತ್ತದೋ ಶಾರ್ಟ್ ಆ ಕವಲಿನಲ್ಲಿದೆ.

ಬೆಳಿಗ್ಗೆ ಸರಿಯಿದ್ದು ಮಧ್ಯಾಹ್ನ ಕೈಕೊಡುವ ಯಂತ್ರ ಎಲ್ಲಕ್ಕಿಂತ ಹೆಚ್ಚು ತಾಳ್ಮೆ ಕೇಳುತ್ತದೆ. ತಾಮ್ರದ ರೋಧ ಪ್ರತಿ ಡಿಗ್ರಿ ಸೆಲ್ಸಿಯಸ್ ಏರಿಕೆಗೆ ಸುಮಾರು ಶೇ 0.39ರಷ್ಟು ಹೆಚ್ಚುತ್ತದೆ, 60 ಡಿಗ್ರಿ ಬಿಸಿಯಾದ ಸುರುಳಿಯಲ್ಲಿ ರೋಧ ಕಾಲುಭಾಗದಷ್ಟು ಏರಿ ಅದರ ಎಳೆತ ತಗ್ಗುತ್ತದೆ. ತಂಪಿನಲ್ಲಿ ಹೇಗೋ ನಿಭಾಯಿಸಿದ ದುರ್ಬಲ ಜೋಡಣೆ ಆಗ ಬಯಲಾಗುತ್ತದೆ. ಆದುದರಿಂದ ಇಂಥ ದೋಷವನ್ನು ಹುಡುಕಬೇಕಾದುದು ಅದು ಹುಟ್ಟುವ ಸ್ಥಿತಿಯಲ್ಲೇ: ಯಂತ್ರ ಬಿಸಿಯಾದ ಮೇಲೆ, ಮೀಟರನ್ನು ಕನಿಷ್ಠ-ಗರಿಷ್ಠ ದಾಖಲಿಸುವ ಕ್ರಮದಲ್ಲಿಟ್ಟು, ವೈರಿಂಗ್ ಕಟ್ಟನ್ನು ಗೇಣು ಗೇಣಾಗಿ ಅಲುಗಿಸುತ್ತ. ಒಂದಕ್ಕೊಂದು ಸಂಬಂಧವಿಲ್ಲದಂತೆ ಕಾಣುವ ಎರಡು ಮೂರು ದೋಷಗಳು ಒಟ್ಟಿಗೆ ಕಾಣಿಸಿಕೊಂಡರೆ ಅವುಗಳಿಗೆ ಸಾಮಾನ್ಯವಾದ ಅರ್ತ್ ಬಿಂದುವನ್ನು ನೋಡಬೇಕು. ರಬ್ಬರ್ ಮೌಂಟುಗಳ ಮೇಲೆ ಕೂತ ಕ್ಯಾಬಿನ್ನಿಗೆ ಚೌಕಟ್ಟಿನೊಂದಿಗೆ ನೆಚ್ಚಬಹುದಾದ ವಿದ್ಯುತ್ ಸಂಪರ್ಕ ಒದಗಿಸುವುದು ಅರ್ತ್ ಪಟ್ಟಿ. ಅದು ಸಡಿಲವಾದರೆ ಪ್ರವಾಹ ಬೇರೆ ಮಂಡಲಗಳ ಮೂಲಕ ವಾಪಸು ದಾರಿ ಹುಡುಕುತ್ತದೆ. ಹೆಡ್‌ಲೈಟ್ ಹಾಕಿದರೆ ಗೇಜ್ ಮುಳ್ಳು ಕುಣಿಯುವಂಥ ವಿಚಿತ್ರಗಳು ಹುಟ್ಟುವುದು ಹೀಗೆ.

ಕೋಡ್ ಏನು ಹೇಳುತ್ತದೆ

ಈಗಿನ ಯಂತ್ರಗಳೇ ತಮ್ಮ ದೋಷವನ್ನು ಪರದೆಯ ಮೇಲೆ ಹೇಳುತ್ತವೆ, ಇಷ್ಟೆಲ್ಲ ಅಳೆಯುವುದು ಏಕೆ ಎಂದು ಕೇಳಬಹುದು. ಆಕ್ಷೇಪದಲ್ಲಿ ಹುರುಳಿದೆ, ಕೋಡ್ ಓದದೆ ಕೆಲಸ ಆರಂಭಿಸುವುದು ಅವಿವೇಕ. ಆದರೆ ಕೋಡ್ ಹೇಳುವುದು ಏನನ್ನು ಎಂದು ಗಮನಿಸಬೇಕು. ಭಾರಿ ವಾಹನಗಳಲ್ಲಿ ಬಳಕೆಯಲ್ಲಿರುವ ಎಸ್‌ಎಇ ಜೆ1939 ಪದ್ಧತಿಯಲ್ಲಿ ಎಸ್‌ಪಿಎನ್ ಎಂಬ ಸಂಖ್ಯೆ ಯಾವ ಸಂಗತಿ ಎಂಬುದನ್ನು, ಎಫ್‌ಎಂಐ ಎಂಬ ಸಂಖ್ಯೆ ತಪ್ಪಿದ ಬಗೆಯನ್ನು ಸೂಚಿಸುತ್ತದೆ. ಎಸ್‌ಪಿಎನ್ 100 ಎಂದರೆ ಎಂಜಿನ್ ಆಯಿಲ್ ಒತ್ತಡ, 110 ಎಂದರೆ ಕೂಲಂಟ್ ಉಷ್ಣತೆ. ಎಫ್‌ಎಂಐ 3 ಎಂದರೆ ವೋಲ್ಟೇಜು ಮಿತಿಗಿಂತ ಹೆಚ್ಚು, 4 ಎಂದರೆ ಕಡಿಮೆ, 5 ಎಂದರೆ ಪ್ರವಾಹ ಕಡಿಮೆ ಅಥವಾ ಮಂಡಲ ತುಂಡು, 6 ಎಂದರೆ ಪ್ರವಾಹ ಹೆಚ್ಚು ಅಥವಾ ಅರ್ತ್‌ಗೆ ತಾಗಿದೆ. ಅಂದರೆ ಕಂಟ್ರೋಲರ್ ತನ್ನ ಪಿನ್ನಿನಲ್ಲಿ ಕಂಡ ವೋಲ್ಟೇಜನ್ನೋ ಪ್ರವಾಹವನ್ನೋ ವರದಿ ಮಾಡುತ್ತದೆ; ಆ ಪಿನ್ನಿನಿಂದ ಸೆನ್ಸರ್‌ವರೆಗಿನ ತಂತಿ, ಸಾಕೆಟ್, ಸೆನ್ಸರ್ ಮೂರರಲ್ಲಿ ಯಾವುದು ಕೆಟ್ಟಿದೆ ಎಂದು ಅದಕ್ಕೆ ತಿಳಿಯದು. ಹಲವು ಸೆನ್ಸರ್‌ಗಳು ಒಂದೇ 5 ವೋಲ್ಟ್ ಮೂಲವನ್ನು ಹಂಚಿಕೊಂಡಿರುವಲ್ಲಿ ಒಂದು ಸೆನ್ಸರಿನ ಶಾರ್ಟ್ ಎಲ್ಲದರ ಮೇಲೂ ಕೋಡ್ ಬೀಳಿಸುತ್ತದೆ. ಕೋಡನ್ನೇ ನಂಬಿದವನು ನಾಲ್ಕು ಸೆನ್ಸರ್ ಕೊಳ್ಳುತ್ತಾನೆ, ಒಂದೊಂದಾಗಿ ಕಳಚಿ 5 ವೋಲ್ಟ್ ಯಾವಾಗ ಮರಳುತ್ತದೆ ಎಂದು ನೋಡಿದವನು ಒಂದನ್ನು. ಕಂಟ್ರೋಲರ್‌ಗಳು ಪರಸ್ಪರ ಮಾತಾಡುವ ಕ್ಯಾನ್ ಜಾಲಕ್ಕೆ ಎರಡು ತುದಿಯಲ್ಲಿ 120 ಓಮಿನ ರೋಧಕಗಳಿರುತ್ತವೆ. ಬ್ಯಾಟರಿ ಕಳಚಿ ಎರಡು ತಂತಿಗಳ ನಡುವೆ ಅಳೆದರೆ 60 ಓಮ್ ಬರಬೇಕು. 120 ಬಂದರೆ ಜಾಲ ಎಲ್ಲೋ ತುಂಡಾಗಿದೆ ಅಥವಾ ಒಂದು ರೋಧಕ ಕಾಣೆಯಾಗಿದೆ. ಸೊನ್ನೆಯ ಹತ್ತಿರ ಬಂದರೆ ತಂತಿಗಳು ಪರಸ್ಪರ ತಾಗಿವೆ. ಹೀಗೆ ಕೋಡ್ ಯಾವ ಹಾದಿಯನ್ನು ಅಳೆಯಬೇಕು ಎಂದು ತೋರಿಸುತ್ತದೆ. ಅಳತೆಯ ಕೆಲಸವನ್ನು ಅದು ಮುಗಿಸಿಕೊಡುವುದಿಲ್ಲ.

ಇನ್ನೆರಡು ಆಕ್ಷೇಪಗಳು

ಯಂತ್ರ ನಿಂತ ಪ್ರತಿ ಗಂಟೆಗೂ ಬಾಡಿಗೆ ನಷ್ಟ, ಅಳೆಯುತ್ತ ಕೂರುವುದಕ್ಕಿಂತ ಭಾಗ ಬದಲಿಸುವುದೇ ಲಾಭ ಎಂಬುದು ಕೆಲಸದ ಸ್ಥಳದ ವಾದ. ಒಂದೇ ಬಗೆಯ ಎರಡು ರಿಲೇಗಳನ್ನು ಅದಲುಬದಲು ಮಾಡಿ ದೋಷ ಜತೆಗೆ ಹೋಗುತ್ತದೆಯೇ ಎಂದು ನೋಡುವುದು ನಿಜಕ್ಕೂ ಒಳ್ಳೆಯ ಕ್ರಮ, ಏಕೆಂದರೆ ಅದೂ ಒಂದು ಪರೀಕ್ಷೆ: ಖರ್ಚಿಲ್ಲ, ನಿಮಿಷದಲ್ಲಿ ಉತ್ತರ ಸಿಗುತ್ತದೆ. ಕೊಂಡುತಂದ ಭಾಗ ಹಾಕಿ ನೋಡುವುದು ಹಾಗಲ್ಲ. ಹಳೆಯದನ್ನು ತೆಗೆಯುವಾಗ ಸಾಕೆಟ್ ಅಲುಗಿ ದೋಷ ತಾತ್ಕಾಲಿಕವಾಗಿ ಮಾಯವಾದರೆ ಹೊಸ ಭಾಗಕ್ಕೆ ಸಲ್ಲದ ಕೀರ್ತಿ ಸಲ್ಲುತ್ತದೆ, ದೋಷ ಕೆಲವು ದಿನಗಳಲ್ಲಿ ಮರಳುತ್ತದೆ. ಕಂಟ್ರೋಲರನ್ನು ಕೊಂದದ್ದು ಹೊರಗಿನ ಶಾರ್ಟ್ ಆಗಿದ್ದರೆ ಹೊಸ ಕಂಟ್ರೋಲರೂ ಅದಕ್ಕೇ ಬಲಿಯಾಗುತ್ತದೆ. ವೋಲ್ಟೇಜ್ ನಷ್ಟದ ಪರೀಕ್ಷೆಗೆ ಬೇಕಾಗುವುದು ಒಂದು ಮೀಟರ್, ಕೀಲಿ ತಿರುಗಿಸಲು ಇನ್ನೊಬ್ಬ, ಕೆಲವು ನಿಮಿಷ. ಕಾಲದ ಲೆಕ್ಕದಲ್ಲೇ ನೋಡಿದರೂ ಅಳತೆ ಗೆಲ್ಲುತ್ತದೆ. ಅಳತೆ ಇನ್ನೊಂದನ್ನೂ ಹೇಳುತ್ತದೆ: ವಾಲ್ವಿನ ಸುರುಳಿಗೆ ಪೂರ್ಣ ವೋಲ್ಟೇಜೂ ತಕ್ಕ ಪ್ರವಾಹವೂ ಸಿಗುತ್ತಿದ್ದು ತೋಳು ಏಳದಿದ್ದರೆ ದೋಷ ವಿದ್ಯುತ್ತಿನದಲ್ಲ, ಹೈಡ್ರಾಲಿಕ್ಸಿನದು, ವೈರಿಂಗನ್ನು ಬಿಟ್ಟು ಅತ್ತ ತಿರುಗಬಹುದು.

ಎರಡನೆಯ ವಾದ ಹೆಚ್ಚು ಅಪಾಯಕಾರಿ. ಸೀಟಿನ ಸ್ವಿಚ್ಚಿಗೆ ತುಂಡು ತಂತಿ ಸುತ್ತಿ ಬೈಪಾಸ್ ಮಾಡಿದರೆ ಕೆಲಸ ನಡೆಯುತ್ತದಲ್ಲ, ರಿಪೇರಿ ಆಮೇಲೆ ನೋಡಿಕೊಳ್ಳೋಣ ಎನ್ನುವುದು. ಯಂತ್ರ ಓಡಿದಂತೆ ಕಾಣುತ್ತದೆ, ನಿಜ. ಆದರೆ ಅಂದಿನಿಂದ ಚಾಲಕ ಸೀಟಿನಲ್ಲಿದ್ದಾನೋ ಬಕೆಟ್ಟಿನ ಮೇಲೆ ನಿಂತಿದ್ದಾನೋ ಎಂಬುದು ಯಂತ್ರಕ್ಕೆ ತಿಳಿಯದು. ಆ ತಂತಿ ಹಾಕಿದ್ದು ಮುಂದಿನ ಚಾಲಕನಿಗೂ ತಿಳಿದಿರುವುದಿಲ್ಲ. ಸ್ವಿಚ್ ಕೆಟ್ಟಿದೆಯೇ ಎಂದು ತಿಳಿಯಲು ಬೈಪಾಸ್ ಬೇಕೇ ಇಲ್ಲ. ಅದರ ಎರಡು ಕಡೆಯ ವೋಲ್ಟೇಜು ಅಳೆದರೆ ಸಾಕು. ತಯಾರಕರ ಕೈಪಿಡಿ ಜಂಪರ್ ಪರೀಕ್ಷೆ ಸೂಚಿಸಿದಲ್ಲಿ ಅದನ್ನು ತೋಳು ಇಳಿಸಿ, ಎಂಜಿನ್ ನಿಲ್ಲಿಸಿ, ಅಲ್ಲಿ ಹೇಳಿದಷ್ಟೇ ಮಾಡಿ ಕೂಡಲೇ ತೆಗೆಯಬೇಕು. ಎತ್ತಿದ ತೋಳಿನ ಕೆಳಗೆ ಕೈಯಿಡಬೇಕಾದರೆ ತಯಾರಕರು ಕೊಟ್ಟ ಲೋಹದ ಆಧಾರವನ್ನು ಅಳವಡಿಸಿರಲೇಬೇಕು; ಹೈಡ್ರಾಲಿಕ್ ಒತ್ತಡವನ್ನು ನಂಬಿ ಯಾರೂ ಅದರಡಿ ಹೋಗಬಾರದು. ಬ್ಯಾಟರಿ ಕಳಚುವಾಗ ಋಣ ತಂತಿ ಮೊದಲು, ಜೋಡಿಸುವಾಗ ಅದೇ ಕೊನೆಗೆ. ವೆಲ್ಡಿಂಗಿಗೆ ಮೊದಲು ಬ್ಯಾಟರಿಯನ್ನೂ, ಕೈಪಿಡಿ ಹೇಳಿದ ಕಂಟ್ರೋಲರ್ ಸಾಕೆಟ್‌ಗಳನ್ನೂ ಬಿಡಿಸಬೇಕು. 12 ವೋಲ್ಟ್ ಯಂತ್ರಕ್ಕೆ ಲಾರಿಯ 24 ವೋಲ್ಟ್ ಕೊಟ್ಟು ಸ್ಟಾರ್ಟ್ ಮಾಡಬಾರದು.

ದುರಸ್ತಿ ಮುಗಿಯಿತು ಎನ್ನಲು ಎರಡು ಸಂಗತಿ ಸಾಬೀತಾಗಬೇಕು. ಮೊದಲು ತಪ್ಪು ತೋರಿಸಿದ ಅದೇ ಜಾಗದಲ್ಲಿ, ಅದೇ ಹೊರೆಯಲ್ಲಿ, ಅದೇ ಬಿಸಿಯಲ್ಲಿ ಅಳತೆ ಈಗ ಮಿತಿಯೊಳಗಿದೆ ಎಂಬುದು ಒಂದು. ಚಾಲಕ ಎದ್ದಾಗ, ಬಾರ್ ಎತ್ತಿದಾಗ ಪ್ರತಿಯೊಂದು ಇಂಟರ್‌ಲಾಕೂ ಯಂತ್ರವನ್ನು ಕೈಪಿಡಿ ಹೇಳಿದಂತೆ ತಡೆಯುತ್ತದೆ ಎಂಬುದು ಇನ್ನೊಂದು. ಜತೆಗೆ ಉಜ್ಜಿಹೋದ ತಂತಿಗೆ ಹೊಸ ಕವಚ, ಸರಿಯಾದ ಕ್ಲಿಪ್ ಹಾಕಿ ಉಜ್ಜಿದ ಅಂಚಿನಿಂದ ದೂರ ಕಟ್ಟಿದ್ದರೆ ಕಾರಣವೂ ನಿವಾರಣೆಯಾದಂತೆ. ಅಳೆದ ಸಂಖ್ಯೆಗಳನ್ನು ಯಂತ್ರದ ಲಾಗ್ ಪುಸ್ತಕದಲ್ಲಿ ಬರೆದಿಡುವ ಅಭ್ಯಾಸವಿದ್ದಲ್ಲಿ ಮುಂದಿನ ದೋಷದ ಪತ್ತೆ ಇನ್ನಷ್ಟು ಸುಲಭ, ಏಕೆಂದರೆ ಆರೋಗ್ಯವಾಗಿದ್ದಾಗಿನ ಅಳತೆ ತಿಳಿದವನಿಗೆ ಅನಾರೋಗ್ಯದ ಅಳತೆಯನ್ನು ಗುರುತಿಸಲು ಊಹೆ ಬೇಕಾಗುವುದಿಲ್ಲ.